ಬೆಳ್ಳಮ್ಮ ಗೋಣಿಮರಕ್ಕೆ ಚಿಪ್ಪು ಕಟ್ಟಿದ್ದು

ಬೆಳ್ಳಮ್ಮ ಎಂಥವಳು ಎಂದು ಯಾರಾದರೂ ಕೇಳಿದರೆ ನಾನು ಅವಳ ಮೊದಲ ಹದಿನೆಂಟು ದಿನಗಳ ಕತೆಯನ್ನೇ ಹೇಳುವುದು. ಎಪ್ಪತ್ತನೇ ಇಸವಿಯ ಮಾಘದಲ್ಲಿ ನನ್ನ ಗಂಡನ ದಾಯಾದಿ ಸಿದ್ದರಾಜು, ಹೆಂಡತಿ ಬೆಳ್ಳಮ್ಮನನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಹನಕೆರೆ ಸ್ಟೇಷನ್ನಿನಲ್ಲಿ ಇಳಿದ. ಇಬ್ಬರ ತಾತಂದಿರೂ ಈ ಸೀಮೆಯಿಂದ ಮಲಯಾ ದೇಶದ ರಬ್ಬರ್ ತೋಟಕ್ಕೆ ಕೂಲಿಗೆ ಹೋಗಿ ಅಲ್ಲೇ ಮಣ್ಣಾದವರು. ಈಗ ಅಲ್ಲಿನ ಸರ್ಕಾರ, ಕಾಗದಪತ್ರವಿಲ್ಲದವರಿಗೆ ಕೆಲಸವಿಲ್ಲ ಎಂದಿತ್ತು; ಹಡಗು ಹತ್ತದೆ ಬೇರೆ ದಾರಿ ಇರಲಿಲ್ಲ. ಊರಿನವರೆಲ್ಲ ಅಂತೂ ಸ್ವಂತ ಊರು ಸೇರಿದರಲ್ಲ ಎಂದರು. ಸ್ವಂತವಂತೆ! ಆ ಹೆಣ್ಣು ಹುಟ್ಟಿದ್ದು ಅಲ್ಲಿ, ಬೆಳೆದದ್ದು ಅಲ್ಲಿ. ಅವಳ ಪಾಲಿಗೆ ಹನಕೆರೆಯೇ ಪರದೇಶ.

ನನಗೇನೂ ಖುಷಿಯಾಗಲಿಲ್ಲ, ಸುಳ್ಳೇಕೆ ಹೇಳಲಿ. ಎರಡಂಕಣದ ಮನೆಯಲ್ಲಿ ಒಂದಂಕಣ ಬಿಟ್ಟುಕೊಡಬೇಕೆಂದರೆ ಯಾರಿಗೆ ತಾನೇ ಹಿಡಿಸುತ್ತದೆ? ಮೇಲಾಗಿ ಅವಳಿಗೆ ನಮ್ಮ ಕಡೆಯ ಒಂದು ಕೆಲಸವೂ ಬರುತ್ತಿರಲಿಲ್ಲ. ಮುದ್ದೆ ತೊಳಸಿದರೆ ಬರೀ ಗಂಟು. ಕಬ್ಬಿನ ತರಗು ಸುಲಿಯಲು ಹೋದರೆ ಮೈಯೆಲ್ಲ ಗೀರು. ನಾಟಿಗೆ ಇಳಿಸಿದರೆ ಅವಳು ನೆಟ್ಟ ಪೈರೆಲ್ಲ ನೀರ ಮೇಲೆ ತೇಲುತ್ತಿತ್ತು. ಹೆಣ್ಣಾಳುಗಳು ನಕ್ಕರು, ನಾನೂ ನಕ್ಕೆ. ಅವಳು ಮಾತ್ರ ನಿದ್ದೆಯಲ್ಲಿ ನಡೆಯುವವಳ ಹಾಗೆ ಓಡಾಡುತ್ತಿದ್ದಳು. ಬೆಳಿಗ್ಗೆ ನಾಲೆಯ ಮೇಲೆ ಮಂಜು ಕವಿದಾಗ ಕೂಗಿದರೂ ಕೇಳಿಸುತ್ತಿರಲಿಲ್ಲ. ಏನು ನೋಡುತ್ತೀಯೆ ಎಂದು ಗದರಿದರೆ, ಅಲ್ಲಿ ಮರಗಳು ಸಾಲಾಗಿ ನಿಂತಿವೆ ಅಕ್ಕ, ಹತ್ತಿರ ಹೋದರೆ ಇರುವುದಿಲ್ಲ ಎನ್ನುತ್ತಿದ್ದಳು.

ಹದಿನೆಂಟನೇ ದಿನ, ಬೆಳಗಿನ ಗಾಡಿ ಕೂಗಿದಾಗ, ಅರೆನಿದ್ದೆಯಲ್ಲಿ ಅವಳಿಗೆ ತೋಟದ ಹಾಜರಿ ಗಂಟೆ ಬಾರಿಸಿದಂತಾಯಿತಂತೆ. ಎದ್ದು, ಪೆಟ್ಟಿಗೆಯಿಂದ ರಬ್ಬರ್ ಮರ ಗೀರುವ ಕತ್ತಿ ತೆಗೆದಳು. ಒಲೆಯ ಬಳಿಯಿಂದ ಒಂದು ತೆಂಗಿನ ಚಿಪ್ಪು ಎತ್ತಿಕೊಂಡಳು. ಮಂಜಿನಲ್ಲಿ ನಡೆದೇ ನಡೆದಳು. ಎದುರಿಗೊಂದು ಮರ ಬಂತು, ಅದು ಕರಗಲಿಲ್ಲ. ಮುಟ್ಟಿದರೆ ತಣ್ಣನೆಯ ತೊಗಟೆ. ಮುಂದಿನದೆಲ್ಲ ಕೈಯೇ ಮಾಡಿತು ಎಂದು ಆಮೇಲೆ ನನಗೆ ಹೇಳಿದಳು. ಓರೆಯಾಗಿ ಒಂದು ಗೀರು, ಅದರ ತುದಿಗೆ ಚಿಪ್ಪು. ಹಾಲು ತೊಟ್ಟಿಕ್ಕಿತು. ಈ ಊರಿಗೆ ಬಂದ ಮೇಲೆ ಅವಳು ನಕ್ಕದ್ದು ಆಗಲೇ ಮೊದಲು.

ಅದು ನಮ್ಮೂರ ದೇವತೆ ಮಾರಮ್ಮನ ಗೋಣಿಮರ; ಆಲದ ಜಾತಿಯದು, ಗೀರಿದರೆ ಅದೂ ಹಾಲು ಸುರಿಸುತ್ತದೆ. ನಾವು ಅದಕ್ಕೆ ಉಗುರು ಸೋಕಿಸುವವರಲ್ಲ, ಒಣಗಿ ಬಿದ್ದ ಕಡ್ಡಿಯನ್ನೂ ಒಲೆಗೆ ಇಡುವವರಲ್ಲ. ನೀರಿಗೆ ಹೋದ ಹೆಂಗಸರು ನೋಡಿ, ಕೊಡ ಅಲ್ಲೇ ಬಿಟ್ಟು ಓಡಿಬಂದರು. ಹೊತ್ತೇರುವಷ್ಟರಲ್ಲಿ ಊರೇ ಮರದಡಿ ಸೇರಿತ್ತು. ಅಮ್ಮನ ಮೈ ಕೊಯ್ದವರು ಊರಲ್ಲಿರಬಾರದು, ಸಂಜೆ ಗಾಡಿ ಹತ್ತಿಸಿ ಎಂದು ಹಲವರು ಪಟ್ಟು ಹಿಡಿದರು. ಹತ್ತಿಸಿ ಕಳಿಸುವುದೆಲ್ಲಿಗೆ? ಆಚೆಯವರು ಬೇಡವೆಂದಾಗಿತ್ತು, ಈಚೆಯವರೂ ಬೇಡವೆಂದರೆ ಆ ಮೂವರಿಗೆ ಸಮುದ್ರವೇ ಗತಿ. ಸಿದ್ದರಾಜು ಟವಲ್ಲು ಕೈಯಲ್ಲಿ ಹಿಡಿದು ಕಂಡಕಂಡವರ ಕಾಲಿಗೆ ಬೀಳುತ್ತಿದ್ದ. ನನ್ನ ಅಂಕಣ ನನಗೆ ವಾಪಸು ಸಿಗುತ್ತದಲ್ಲ ಎಂದು ಒಂದು ಗಳಿಗೆ ನನಗನ್ನಿಸಿದ್ದು ನಿಜ. ಥೂ, ನನ್ನ ಮನಸ್ಸಿಗೊಂದಿಷ್ಟು ಬೆಂಕಿ ಹಾಕ ಎಂದು ನನಗೆ ನಾನೇ ಬೈದುಕೊಂಡೆ.

ಊರ ಯಜಮಾನ ಅಂಕಯ್ಯ, ಎಪ್ಪತ್ತು ದಾಟಿದವರು, ಮಾತಿಗಿಂತ ಕೆಮ್ಮೇ ಹೆಚ್ಚು. ಗೀರಿನ ಮೇಲೆ ಬೆರಳಾಡಿಸಿ, ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದರು. ತಪ್ಪಾಯಿತು ಅನ್ನು ಎಂದು ನಾನು ಹಿಂದಿನಿಂದ ಸನ್ನೆ ಮಾಡಿದೆ. ಅವಳು ನನ್ನತ್ತ ನೋಡಲೇ ಇಲ್ಲ.

"ಇಲ್ಲಿಗೆ ಬಂದಾಗಿಂದ ನನ್ ಕೈಗೆ ಏನೂ ಬರಾಕಿಲ್ಲ. ಇದೊಂದು ಬತ್ತದೆ ಕಣಪ್ಪ. ಅಮ್ಮನ ಮರ ಅಂತ ಗೊತ್ತಿರ್ನಿಲ್ಲ," ಎಂದಳು.

ಆಮೇಲೆ ಯಾರ ಅಪ್ಪಣೆಗೂ ಕಾಯದೆ ಸಗಣಿ, ಕೆಮ್ಮಣ್ಣು ಕಲಸಿ ತಂದು ಗಾಯಕ್ಕೆ ಮೆತ್ತತೊಡಗಿದಳು. ಹಸುಗೂಸಿಗೆ ಎಣ್ಣೆ ಹಚ್ಚುವಷ್ಟು ಮೆತ್ತಗೆ. ನಮ್ಮ ಗದ್ದೆಯಲ್ಲಿ ಪೈರು ತೇಲಿಸಿದ ಕೈ ಇದೇ ಎಂದರೆ ನಂಬಲಾಗಲಿಲ್ಲ. ಒಳಮರಕ್ಕೆ ಕತ್ತಿ ತಾಗಿಲ್ಲ, ತೊಗಟೆ ಮತ್ತೆ ಬರುತ್ತದೆ, ಇರುವೆ ಹತ್ತದಂತೆ ಕಾಯಬೇಕು, ಮಳೆ ಬಂದಾಗಲೆಲ್ಲ ಹೊಸದಾಗಿ ಮೆತ್ತಬೇಕು ಎಂದು ಅಂಕಯ್ಯನವರಿಗೇ ಪಾಠ ಹೇಳಿದಳು. ಪೂರ್ತಿ ಮಾಯಲು ಎಷ್ಟು ದಿನ ಬೇಕು ಎಂದು ಅವರು ಕೇಳಿದರು.

"ದಿನ ಅಲ್ಲ. ಏಳು ವರ್ಸ."

ಅಂಕಯ್ಯ ಸುಮಾರು ಹೊತ್ತು ಕೆಮ್ಮಿದರು. ಬಳಿಕ ಗಾಡಿಯ ಮಾತೆತ್ತಿದವರ ಕಡೆಗೇ ತಿರುಗಿದರು.

"ಕೇಳುದ್ರಲ್ಲ. ಅಮ್ಮನ ಗಾಯ ಮಾಯೋಗಂಟ ಇವ್ಳು ಈ ಊರ್ ಬುಟ್ಟು ಎಲ್ಲೂ ಓಗಂಗಿಲ್ಲ. ಅದೇ ದಂಡ."

ಹೆದರಿಕೆಗೆ ಬೆಳ್ಳಮ್ಮನ ಕಿವಿ ಕಟ್ಟಿಹೋಗಿತ್ತು. ಏನಂದರು ಅಕ್ಕ, ಯಾವಾಗ ಹೊರಡಬೇಕಂತೆ ಎಂದು ಮಣ್ಣುಗೈಯಲ್ಲೇ ನನ್ನ ತೋಳು ಹಿಡಿದಳು.

"ಒರಡಂಗಿಲ್ವಂತೆ ಕಣೆ," ಎಂದೆ. ಅವಳು ಅಲ್ಲೇ ಕುಸಿದು ಕೂತು, ಊರೆಲ್ಲ ನೋಡುತ್ತಿರುವಂತೆಯೇ, ಹಡಗು ಹತ್ತಿದ ದಿನದಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತಳು.