ಹನುಮಮ್ಮ ನಾಯಿಗಳಿಗೆ ಎದುರಾದ ಮಧ್ಯಾಹ್ನ

ಬಳ್ಳಿಗಾವಿ ದಾಟಿ ಸ್ವಲ್ಪ ದೂರ ಹೋದರೆ ಹೊಲದಂಚಿನಲ್ಲಿ ಹನುಮಮ್ಮನ ಮನೆ. ಐವತ್ತೆಂಟರ ಅವಳು ಕುರಿ ಕಾಯ್ದೇ ಬದುಕಿದವಳು. ಸೊಸೆ ಮೀನಾ ಶಿಕಾರಿಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂಬತ್ತು ತಿಂಗಳ ಮೊಮ್ಮಗಳು ತೃಪ್ತಿ ಇವಳ ಮಡಿಲಿಗೆ ಬಂದಳು. ಮಗ ಮಾಳೇಶ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಬರುವುದು ಸಂಜೆಗೆ.

ಮೀನಾ ಒಮ್ಮೆ ಮೊಬೈಲಿನಲ್ಲಿ ಆಟಿಕೆಗಳನ್ನು ತೋರಿಸಿ, "ಇವನ್ನ ತರಿಸಾಣ ಅತ್ತಿ, ಕೂಸಿನ ಬುದ್ಧಿ ಬೆಳಿತೈತಂತೆ" ಎಂದಳು.

"ಮನ್ಯಾಗೇ ಎಲ್ಲಾ ಐತಿ. ಮುಟ್ಟಿ ಮುಟ್ಟಿ ಕಲೀಲಿ ಬಿಡು."

ಹನುಮಮ್ಮ ಅಗಲ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಚೆಂಡುಹೂ ತೇಲಿಬಿಡುವಳು. ಆರಿದ ರಾಗಿಮುದ್ದೆಯನ್ನು ಹಿಸುಕಲು ಕೊಡುವಳು, ಬಾಯಿಗೆ ಹೋದರೂ ಚಿಂತೆಯಿಲ್ಲ. ಒರಟು ಗೋಣಿ, ತಣ್ಣನೆಯ ಸ್ಟೀಲ್ ಲೋಟ, ಮುಚ್ಚಳ ಬಿಗಿದ ಡಬ್ಬಿಯೊಳಗೆ ಗಲಗಲ ಎನ್ನುವ ಹುಣಸೆಬೀಜ. ಕೂಸು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತಿತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಂಗಳದ ಬೇವಿನ ನೆರಳಲ್ಲಿ ಕಂಬಳಿ ಹಾಸಿ, ಮೂರು ದಿನದ ಕುರಿಮರಿಯನ್ನು ಪಕ್ಕಕ್ಕೆ ಮಲಗಿಸಿ, ಕೂಸಿನ ಅಂಗೈಯನ್ನು ಅದರ ಮೈಮೇಲೆ ಮೆಲ್ಲಗೆ ಆಡಿಸುತ್ತಿದ್ದಳು. ಕೋಳಿ ಅಂಗಡಿಯವರು ಕಸ ಸುರಿಯುವ ಹಳ್ಳದ ಕಡೆಯಿಂದ ಐದು ನಾಯಿಗಳು ಬಂದವು. ಒಂದೂ ಬೊಗಳಲಿಲ್ಲ. ಮೊದಲನೆಯದು ಮರಿಯ ಕುತ್ತಿಗೆ ಹರಿಯಿತು. ರಕ್ತ ಕೂಸಿನ ಮುಖಕ್ಕೆ ಚಿಮ್ಮಿತು. ಇನ್ನೊಂದು ಕೂಸಿನ ಮೀನಖಂಡಕ್ಕೆ ಬಾಯಿ ಹಾಕಿ ಎಳೆಯತೊಡಗಿತು.

ಹನುಮಮ್ಮ ಕೂಸಿನ ಮೇಲೆ ಬಿದ್ದಳು. ಎಡಗೈಯನ್ನು ಆ ನಾಯಿಯ ಬಾಯಿಗೇ ತುರುಕಿದಳು. ಅದು ಕಾಲು ಬಿಟ್ಟು ಕೈ ಹಿಡಿಯಿತು. ಬೆರಳಿನ ಎಲುಬು ಮುರಿದದ್ದು ಅವಳಿಗೇ ಕೇಳಿಸಿತು. ಬಲಗೈಗೆ ಒರಳಿನ ಗುಂಡುಕಲ್ಲು ಸಿಕ್ಕಿತು. ನಾಯಿಯ ತಲೆಯ ಮೇಲೆ ಒಂದೇಸಮ ಕುಟ್ಟಿದಳು. ಅದು ಸತ್ತ ಮೇಲೂ ಕುಟ್ಟಿದಳು. ಅಷ್ಟರಲ್ಲಿ ಮನೆನಾಯಿ ಬೆಳ್ಯ ಹಗ್ಗ ಹರಿದುಕೊಂಡು ಬಂದು ಉಳಿದವುಗಳ ಮೇಲೆ ಬಿದ್ದು, ಒಂದರ ಕಿವಿ ಕಿತ್ತು, ಎಲ್ಲವನ್ನೂ ಹಳ್ಳದವರೆಗೂ ಅಟ್ಟಿತು.

ಪಕ್ಕದ ಹೊಲದವರು ಓಡಿಬಂದು ಇಬ್ಬರನ್ನೂ ಆಸ್ಪತ್ರೆಗೆ ಒಯ್ದರು. ಅಲ್ಲಿ ಕೂಸಿನ ಕಾಲಿಗೆ ಏಳು ಹೊಲಿಗೆ ಬಿದ್ದವು, ಇಬ್ಬರಿಗೂ ಚುಚ್ಚುಮದ್ದು. ಹನುಮಮ್ಮನ ಎರಡು ಬೆರಳು ಉಳಿಯಲಿಲ್ಲ.

ಸಂಜೆ ಸುದ್ದಿ ಕೇಳಿದ ಮಾಳೇಶ ಹುಚ್ಚನಂತೆ ದೊಣ್ಣೆ ಹಿಡಿದು ಮನೆಗೆ ಬಂದ. ಅಂಗಳದಲ್ಲಿ ಬೆಳ್ಯ ಬಾಲ ಆಡಿಸುತ್ತ ನಿಂತಿತ್ತು, ಮೂತಿಯ ತುಂಬ ರಕ್ತ. ಅವನು ಯಾರನ್ನೂ ಕೇಳಲಿಲ್ಲ. ಮೊದಲ ಏಟಿಗೆ ಅದರ ಸೊಂಟ ಮುರಿಯಿತು. ತೆವಳಿಕೊಂಡು ಅವನ ಕಾಲಿನ ಹತ್ತಿರವೇ ಬಂತು. ಇನ್ನೆರಡು ಹೊಡೆದ.

ಮೂರನೆಯ ದಿನ ಮನೆಗೆ ಬಂದ ಹನುಮಮ್ಮ ಕೇಳಿದಳು, "ಬೆಳ್ಯ ಎಲ್ಲೈತೋ?"

"ಬಾಯಾಗ ರಕ್ತ ಇತ್ತವ್ವಾ. ಅದೂ ಕಚ್ಚೈತಿ ಅನ್ಕಂಡೆ."

"ನಿನ್ ಮಗಳ್ನ ಉಳಿಸಿದ್ದು ಅದು ಕಣೋ!" ಮೂಲೆಯಲ್ಲಿದ್ದ ಕುರಿಕೋಲು ಎತ್ತಿ ಬೆನ್ನಿಗೆ, ಭುಜಕ್ಕೆ ಬಾರಿಸಿದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಮೀನಾ ಬಂದು ಕೋಲು ಕಿತ್ತುಕೊಂಡಳು. ಅಂದಿನಿಂದ ಹನುಮಮ್ಮ ಮಗನ ಜೊತೆ ಮಾತು ಬಿಟ್ಟಳು.

ಕೂಸು ಮುಷ್ಟಿ ಬಿಚ್ಚುತ್ತಿರಲಿಲ್ಲ. ಕಂಬಳಿ ತಾಗಿದರೆ ಸಾಕು, ಉಸಿರು ಕಟ್ಟುವಂತೆ ಚೀರುತ್ತಿತ್ತು.

"ನಾ ಕೆಲಸ ಬಿಡ್ತೀನಿ ಅತ್ತಿ," ಎಂದು ಮೀನಾ ಅತ್ತಳು.

"ಬ್ಯಾಡ, ಹೋಗು. ಮೊದ್ಲಿಂದ ಶುರು ಮಾಡಿದ್ರಾತು."

ಬ್ಯಾಂಡೇಜ್ ಕೈಯಲ್ಲೇ ಹನುಮಮ್ಮ ಉಗುರುಬೆಚ್ಚಗಿನ ನೀರಿನಿಂದ ಶುರುಮಾಡಿದಳು. ವಾರ ಕಳೆದ ಮೇಲೆ ಕೂಸಿನ ಒಂದು ಬೆರಳು ನೀರಿಗೆ ಇಳಿಯಿತು. ಆಮೇಲೆ ಬಾಳೆಎಲೆ, ಹತ್ತಿಬಟ್ಟೆ. ಕೂದಲಿರುವ ಯಾವುದನ್ನೂ ಹತ್ತಿರ ತರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಮಾಳೇಶ ಹೊಸ್ತಿಲ ಮೇಲೆ ತಲೆ ಬಗ್ಗಿಸಿ ಕೂತಿದ್ದ. ವಾರದ ಗಡ್ಡ. ಕೂಸು ತೆವಳಿ ಬಂದು, ಅವನ ತೊಡೆ ಹಿಡಿದು ಎದ್ದು, ಆ ಗಡ್ಡದ ಮೇಲೆ ಅಂಗೈ ಇಟ್ಟಿತು. ಚೀರಲಿಲ್ಲ. ಅವನು ಬೆದರಿ ಹಿಂದೆ ಸರಿಯಲು ಹೋದ.

"ಅಲ್ಲಾಡಬ್ಯಾಡ. ಸುಮ್ನ ಕೂತ್ಕ," ಒಳಗಿನಿಂದ ಹನುಮಮ್ಮ ಅಂದಳು.