ಚೊಕ್ಕಮ್ಮ ಗುಡಿಸಿ ಹಾಕಿದ ಬೀಜಗಳು

ಆಕೆಯ ಸ್ವಂತ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ. ಎಲ್ಲರಿಗೂ ಚೊಕ್ಕಮ್ಮ. ವಿಜ್ಞಾನ ಸಂಗ್ರಹಾಲಯದ ಹುಳುಮನೆಗೆ ಬರುವ ಮೊದಲು ಅವರು ಆಸ್ಪತ್ರೆಯ ಆಪರೇಷನ್ ಕೋಣೆ ಒರೆಸುತ್ತಿದ್ದರು. ನೆಲಕ್ಕೆ ಬಿದ್ದದ್ದು ಏನೇ ಆಗಿರಲಿ, ಅದು ಅಲ್ಲಿರಬಾರದು ಎಂಬುದು ಅಲ್ಲಿ ಕಲಿತ ಪಾಠ. ಮನೆಯಲ್ಲೂ ಅದೇ ರೂಢಿ. ಗಂಡ ಟೈಲರ್, ಹೊಲಿಗೆ ಮೆಷಿನ್ನಿನ ಕೆಳಗೆ ದಾರದ ತುಂಡು ಬೀಳುವಷ್ಟರಲ್ಲಿ ಪೊರಕೆ ಹಾಜರಿರುತ್ತಿತ್ತು. ಗಿರಾಕಿಯ ಕೋಟಿನ ಗುಂಡಿಗಳು ಕಸದ ಜೊತೆ ಹೋದ ಮೇಲೆ ಅವರು ಗುಂಡಿಗಳನ್ನು ಜೇಬಿನಲ್ಲಿಟ್ಟುಕೊಂಡೇ ಹೊಲಿಯತೊಡಗಿದರು. "ನಾನೂ ಒಂದೇ ಕಡೆ ಜಾಸ್ತಿ ಹೊತ್ತು ಕೂರಲ್ಲಪ್ಪ. ಗುಡಿಸಿಬಿಡ್ತಾಳೆ" ಎಂದು ಬಂದವರೆದುರು ಹೇಳುತ್ತಿದ್ದರು.

ಹುಳುಮನೆ ಎಂದರೆ ಉದ್ದನೆಯ ಒಂದು ಕೋಣೆ, ಗೋಡೆಗುಂಟ ಜೀವಂತ ಹುಳುಗಳಿರುವ ಗಾಜಿನ ಪೆಟ್ಟಿಗೆಗಳು. ಮೂಲೆಯಲ್ಲಿ ಬಲೆ ಹೊದಿಸಿದ ಎತ್ತರದ ಪಂಜರ. ಅದರಲ್ಲಿ ಗುಲಾಬಿ ರೆಂಬೆಗಳಷ್ಟೇ ಇದ್ದಂತೆ ಕಾಣುತ್ತಿತ್ತು. "ಖಾಲಿ" ಎಂದು ಮಕ್ಕಳು ಮುಂದಕ್ಕೆ ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಚೊಕ್ಕಮ್ಮನೂ ಹಾಗೇ ತಿಳಿದು, ಒಣಗಿದ ಎಲೆಯೊಂದನ್ನು ಕೀಳಲು ಕೈ ಹಾಕಿದರು. ಎಲೆ ಕಾಲು ಚಾಚಿ ಅವರ ಬೆರಳು ಹಿಡಿದುಕೊಂಡಿತು.

ಅದು ಕಡ್ಡಿಹುಳು. ಮೈಯೆಲ್ಲ ಒಣಗಿ ಸುರುಟಿದ ಎಲೆಯ ಬಣ್ಣ, ಅಂಚಿನಲ್ಲಿ ಮುಳ್ಳು. ಗಾಳಿ ಬೀಸಿದಾಗ ಅದೂ ಎಲೆಗಳ ಜೊತೆ ತೂಗುತ್ತದೆ. ಸುತ್ತಲಿನದೆಲ್ಲ ಅಲುಗಾಡುವಾಗ ತಾನೊಂದೇ ಸುಮ್ಮನಿದ್ದರೆ ಹಕ್ಕಿಯ ಕಣ್ಣಿಗೆ ಬೀಳುವ ಅಪಾಯವಿರುತ್ತದೆ.

"ಇದೊಂದೇ ಉಳಿದಿರೋದು" ಎಂದರು ಮೇಡಂ. ಹುಳುಮನೆಯ ಮೇಲ್ವಿಚಾರಕಿ ಅವರು. ಚೊಕ್ಕಮ್ಮನ ಮಗಳಷ್ಟು ವಯಸ್ಸು. ಈ ಹುಳುವಿನ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೆಲ್ಲ ಅವರೇ ಸಾಕಿದ್ದರು.

"ಗಂಡು ಎಲ್ಲಿ ಮೇಡಂ?"

"ಇಲ್ಲ, ಬೇಕಾಗೂ ಇಲ್ಲ. ಗಂಡಿಲ್ದೇನೇ ಮೊಟ್ಟೆ ಇಡುತ್ತೆ. ಆಗ ಹುಟ್ಟೋದೆಲ್ಲ ಹೆಣ್ಣೇ."

ಚೊಕ್ಕಮ್ಮ ಸ್ವಲ್ಪ ಯೋಚಿಸಿದರು. "ಪುಣ್ಯವಂತೆ. ಯಾರ ದಾರದ ತುಂಡೂ ಗುಡಿಸೋ ಕೆಲಸ ಇಲ್ಲ."

ಮುಂದೆ ಮೇಡಂ ತರಬೇತಿಗೆಂದು ಬೇರೆ ಊರಿಗೆ ಹೋಗಬೇಕಾಯಿತು. "ಎಲೆ ಬದಲಾಯಿಸಿ, ನೀರು ಚಿಮುಕಿಸಿ, ಪಂಜರ ಚೆನ್ನಾಗಿ ನೋಡ್ಕೊಳ್ಳಿ" ಎಂದು ಹೇಳಿ ಹೋದರು. ಚೊಕ್ಕಮ್ಮ ಚೆನ್ನಾಗಿಯೇ ನೋಡಿಕೊಂಡರು. ಪಂಜರದ ತಳದಲ್ಲಿ ಹುಳುವಿನ ಹಿಕ್ಕೆಯ ಜೊತೆ ಬೂದುಬಣ್ಣದ ಹೊಳೆಯುವ ಬೀಜಗಳು ಬೀಳುತ್ತಿದ್ದವು. ರೆಂಬೆಯಿಂದ ಉದುರಿದ್ದಿರಬೇಕೆಂದು ದಿನವೂ ಗುಡಿಸಿ, ಹಿಂಬಾಗಿಲ ಆಚೆ ಗೋಡೆಯ ಬುಡಕ್ಕೆ ಸುರಿದರು. ಅಲ್ಲಿ ಇರುವೆ ಮುತ್ತಿದ್ದು ಕಂಡು ಮಾಲಿಗೆ ಇರುವೆ ಪುಡಿ ಹಾಕಲು ಹೇಳಿದರು. ಮಾರನೆಯ ದಿನ ಕೇಳಿದಾಗ ಅವನು "ಹಾಕಿದೀನಿ ಅಕ್ಕ" ಎಂದ.

ಮೇಡಂ ತಿರುಗಿ ಬರುವಷ್ಟರಲ್ಲಿ ಹುಳು ಸತ್ತಿತ್ತು. "ವಯಸ್ಸಾಗಿತ್ತು ಬಿಡಿ. ಮೊಟ್ಟೆ ಇವೆಯಲ್ಲ" ಎನ್ನುತ್ತ ಪಂಜರದ ತಳದ ತಟ್ಟೆಯನ್ನು ಹೊರಗೆಳೆದರು. ತಟ್ಟೆ ಫಳಫಳ ಹೊಳೆಯುತ್ತಿತ್ತು.

"ಚೊಕ್ಕಮ್ಮ, ಇಲ್ಲಿ ಬೀಜದ ಥರ ಏನೂ ಬೀಳ್ಲಿಲ್ವಾ?"

"ಬಿತ್ತಲ್ಲ ಮೇಡಂ. ದಿನಾ ಬೀಳ್ತಿತ್ತು, ದಿನಾ ಗುಡಿಸ್ದೆ."

ಮೇಡಂ ಸ್ಟೂಲಿನ ಮೇಲೆ ಕುಳಿತರು. "ಅದೇ ಮೊಟ್ಟೆ. ನಾನು ಹೇಳ್ಬೇಕಿತ್ತು, ತಪ್ಪು ನನ್ನದೇ."

ಬೈದಿದ್ದರೆ ಚೊಕ್ಕಮ್ಮನಿಗೆ ಹಗುರವಾಗುತ್ತಿತ್ತು. ಆ ಮೊಟ್ಟೆಗಳು ಹೋದರೆ ವಂಶವೇ ಹೋದಂತೆ. ಅದೂ ತಮ್ಮ ಪೊರಕೆಯಿಂದ. ಚೊಕ್ಕಮ್ಮ ಮೇಡಂ ಅವರನ್ನು ಹಿಂಬಾಗಿಲಿಗೆ ಕರೆದೊಯ್ದರು. ಗೋಡೆಯ ಬುಡದಲ್ಲಿ ಹಿಕ್ಕೆ ಇತ್ತು, ಎಲೆಚೂರು ಇತ್ತು. ಬೀಜ ಒಂದೂ ಇರಲಿಲ್ಲ.

"ಇರುವೆಗಳು ಹೊತ್ಕೊಂಡು ಹೋದ್ವು ಮೇಡಂ. ನಾನೇ ನೋಡ್ದೆ."

"ಹೊತ್ಕೊಂಡು? ಗೂಡಿಗೆ?" ಮೇಡಂ ಮುಖ ಅರಳಿತು. ಆ ಮೊಟ್ಟೆಯ ತುದಿಯಲ್ಲಿ ಉಬ್ಬಿದ ಪುಟ್ಟ ಗುಬುಟೊಂದು ಇರುತ್ತದೆ. ಇರುವೆಗೆ ಅದು ರುಚಿ. ಹೊತ್ತೊಯ್ದು, ಗುಬುಟನ್ನಷ್ಟೇ ತಿಂದು, ಗಟ್ಟಿ ಚಿಪ್ಪಿನ ಮೊಟ್ಟೆಯನ್ನು ಗೂಡಿನ ಕಸದ ಮೂಲೆಗೆ ಎಸೆಯುತ್ತದೆ. ಮೊಟ್ಟೆಗೆ ಏನೂ ಆಗುವುದಿಲ್ಲ. ಶತ್ರುಗಳ ಕಣ್ಣಿಗೆ ಬೀಳದೆ ನೆಲದಡಿ ಬೆಚ್ಚಗಿರುತ್ತದೆ ಎಂದರು.

"ಅವೂ ಕಸಕ್ಕೇ ಹಾಕ್ತವೆ ಅನ್ನಿ" ಎಂದ ಚೊಕ್ಕಮ್ಮನಿಗೆ ಥಟ್ಟನೆ ನೆನಪಾಯಿತು. "ಅಯ್ಯೋ, ಮಾಲಿ ಕೈಲಿ ಪುಡಿ ಹಾಕಿಸ್ಬಿಟ್ಟಿದೀನಿ ಮೇಡಂ."

ಮಾಲಿಯನ್ನು ಕರೆಸಿದರು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ಪುಡಿ ಹಾಕ್ದೆ ಅಂದ್ಯಲ್ಲಪ್ಪಾ?"

"ಅಂದೆ ಅಕ್ಕ. ಅನ್ನದೇ ಇದ್ರೆ ನೀವು ಬಿಡ್ತಿದ್ರಾ?"

"ಡಬ್ಬ?"

"ಮುಚ್ಚಳಾನೂ ತೆಗೆದಿಲ್ಲ."

"ಎಂಥ ಮೈಗಳ್ಳನೋ ನೀನು" ಎಂದರು ಚೊಕ್ಕಮ್ಮ. ಅವನನ್ನು ಅಷ್ಟು ಪ್ರೀತಿಯಿಂದ ಅವರು ಎಂದೂ ಬೈದಿರಲಿಲ್ಲ.

ಅಗೆದು ತೆಗೆಯುವುದು ಬೇಡ, ಗೂಡು ಕುಸಿದರೆ ಎಲ್ಲ ಮಣ್ಣಲ್ಲಿ ಬೆರೆತುಹೋಗುತ್ತದೆ ಎಂದರು ಮೇಡಂ. ಮರಿ ಹೊರಬರಲು ತಿಂಗಳುಗಳೇ ಬೇಕು. "ಹುಟ್ಟಿದ ಮೊದಮೊದಲು ಅದು ನೋಡೋಕೆ ಇರುವೆ ಥರಾನೇ ಇರುತ್ತೆ. ಕಪ್ಪು ಮೈ, ಕೆಂಪು ತಲೆ, ಓಟಾನೂ ಹಾಗೇ. ಇರುವೆ ಅಂದ್ಕೊಂಡು ಎಷ್ಟೋ ಪ್ರಾಣಿ ಮುಟ್ಟಲ್ಲ. ಆದ್ರೆ ತೀರಾ ಆಸೆ ಇಟ್ಕೋಬೇಡಿ."

ಆಸೆ ಇಟ್ಟುಕೊಳ್ಳಬೇಡಿ ಎಂದರೆ ಬಿಡುವ ಹೆಂಗಸಲ್ಲ ಚೊಕ್ಕಮ್ಮ. ಆ ಗೋಡೆಯ ಬುಡಕ್ಕೆ ಪೊರಕೆ ಹೋಗಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಲ್ಲೇ ಕೂರುತ್ತಿದ್ದರು. ಮನೆಯಲ್ಲಿ ಕಸವನ್ನು ಚೆಲ್ಲುವ ಮೊದಲು ಮೊರದಲ್ಲಿ ಹರಡಿ ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಅಭ್ಯಾಸವೂ ಶುರುವಾಯಿತು. ಒಂದು ಸಂಜೆ ಗಂಡನ ಕೈಗೆ ಗುಂಡಿಯೊಂದನ್ನು ಕೊಟ್ಟರು. ಅವರು ಗುಂಡಿಯನ್ನೂ ಹೆಂಡತಿಯನ್ನೂ ನೋಡಿ, "ಏನೇ, ಹುಷಾರಾಗಿದೀಯ ತಾನೆ?" ಎಂದರು.

"ನೀವು ಹೊಲೀರಿ ಸುಮ್ನೆ."

ತಿಂಗಳುಗಳು ಕಳೆದವು. ಏನೂ ಬರಲಿಲ್ಲ. ಕೊನೆಗೆ ಮೇಡಂ, "ಪಂಜರ ತೊಳೆದಿಡಿ ಚೊಕ್ಕಮ್ಮ, ಜೇಡಕ್ಕೆ ಕೊಡೋಣ" ಎಂದರು. ಚೊಕ್ಕಮ್ಮ ಆ ದಿನ ತೊಳೆಯಲಿಲ್ಲ. ಮಾರನೆಯ ದಿನ ಬೇಕೆಂದೇ ಕಿಟಕಿ ಒರೆಸಿದರು, ನೆಲ ಒರೆಸಿದರು, ಬೇರೆ ಏನೂ ಉಳಿಯದಾದಾಗ ಹಿಂಬಾಗಿಲನ್ನು ಒರೆಸಲು ನಿಂತರು.

ಬಾಗಿಲ ಮೇಲೆ ಒಂದು ಇರುವೆ. ಒದ್ದೆ ಬಟ್ಟೆ ಎತ್ತಿದ ಕೈ ಅಲ್ಲೇ ನಿಂತಿತು. ಉಳಿದ ಇರುವೆಗಳು ಕೆಳಗೆ ಸಾಲಾಗಿ ಹೋಗುತ್ತಿದ್ದವು. ಇದೊಂದೇ ಅವಸರದಲ್ಲಿ ಮೇಲಕ್ಕೆ ಏರುತ್ತಿತ್ತು. ಬಾಗಿಲು ಮುಗಿದಲ್ಲಿ ನಿಂತು, ಮುಂಗಾಲುಗಳನ್ನು ಗಾಳಿಗೆ ಚಾಚಿ, ಮುಂದಿನ ರೆಂಬೆಗಾಗಿ ತಡಕಾಡಿತು. ಇರುವೆ ಹಾಗೆ ಮಾಡುವುದನ್ನು ಅಷ್ಟು ತಿಂಗಳಲ್ಲಿ ಅವರು ನೋಡಿರಲಿಲ್ಲ.

ಚೊಕ್ಕಮ್ಮ ಸ್ಟೂಲು ಹತ್ತಿ, ಊಟದ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಒಡ್ಡಿದರು. ಅದು ಇಳಿದು ಬಂತು.

"ಮೇಡಂ, ಪಂಜರ ತೊಳೀಲಾ?" ಎಂದು ಕೇಳುತ್ತ ಮುಚ್ಚಳವನ್ನು ಅವರ ಮೇಜಿನ ಮೇಲಿಟ್ಟರು.

ಮೇಡಂ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ತೊಳೀರಿ. ಬೇಗ. ಗುಲಾಬಿ ಎಲೆ ತರಿಸ್ತೀನಿ."

ಆ ವಾರ ಇನ್ನೂ ಕೆಲವು ಬಂದವು. ತನ್ನ ಸೋಮಾರಿತನ ಇಲ್ಲದಿದ್ದರೆ ಇವೆಲ್ಲ ಎಲ್ಲಿರುತ್ತಿದ್ದವು ಎಂದು ಮಾಲಿ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಪೊರೆ ಬಿಡುತ್ತ ಬಂದಂತೆ ಮರಿಗಳ ಕಪ್ಪು ಬಣ್ಣ ಹೋಯಿತು, ಓಟ ನಿಂತಿತು. ಒಂದೊಂದೂ ಒಂದೊಂದು ಒಣಗಿದ ಎಲೆಯಾಗಿ ನೇತುಬಿದ್ದಿತು.

"ಖಾಲಿ" ಎಂದಳು ಶಾಲೆಯಿಂದ ಬಂದ ಒಬ್ಬ ಹುಡುಗಿ.

ಚೊಕ್ಕಮ್ಮ ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ, ಬಲೆಯೊಳಕ್ಕೆ ಮೆಲ್ಲಗೆ ಊದಿದರು. ಎಲೆಗಳೆಲ್ಲ ಅಲುಗಾಡಿ ನಿಂತವು. ಕೆಲವು ಮಾತ್ರ ಇನ್ನೂ ಸ್ವಲ್ಪ ಹೊತ್ತು ತೂಗುತ್ತಿದ್ದವು.