ಮಾರುವ ಮುನ್ನ ಅಕ್ಕನನ್ನು ಕೇಳಿ

ನನ್ನ ಗಂಡ ಹಗಲು ಹೊತ್ತು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಯಾರದೋ ಬಾಯಿಗೆ ಹೊಂದುವ ಹಲ್ಲನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸುವ ಮನುಷ್ಯನಿಗೆ ತನ್ನ ಬಾಯಿಂದ ಒಂದು ಮಾತು ಹೊರಡಿಸುವುದು ಮಾತ್ರ ಮಹಾಕಷ್ಟ. ಸಂಜೆ ಬಂದು ಕೈಗೆ ಅಂಟಿದ ಪ್ಲಾಸ್ಟರ್ ಪುಡಿ ತೊಳೆದುಕೊಂಡು ಕಂಪ್ಯೂಟರ್ ಮುಂದೆ ಕೂತರೆ ಮುಗಿಯಿತು. ಅಲ್ಲಿರುವುದು ಅವರ ಜಾರುಬಂಡೆ.

ಜಾರುಬಂಡೆ ಆಟವಲ್ಲ. ಕಂಪ್ಯೂಟರ್ ಆಟ ತಯಾರಿಸುವವರು ಎತ್ತಿ ಬಳಸಿಕೊಳ್ಳುವ ಸಿದ್ಧ ಕೋಡ್. ಲೈಬ್ರರಿ ಎನ್ನುತ್ತಾರೆ, ಪುಸ್ತಕ ಒಂದೂ ಇಲ್ಲದಿದ್ದರೂ. ಪರದೆಯ ಮೇಲಿನ ಮೊಲ ಜಿಗಿದರೆ ಎಷ್ಟೆತ್ತರ ಹೋಗಬೇಕು, ಗೋಡೆಗೆ ಬಡಿದರೆ ಹೇಗೆ ಬೀಳಬೇಕು, ಎಲ್ಲ ಅದು ನೋಡಿಕೊಳ್ಳುತ್ತದೆ. ಬಟ್ಟೆ ಹೊಲಿಯುವವರಿಗೆ ಸೂಜಿ ಮಾಡಿಕೊಡುವ ಕೆಲಸ ಅನ್ನಿ. ಸೂಜಿ ಪುಕ್ಕಟೆ. ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಚೂಪು ಮಾಡಿ ವಾಪಸ್ ಕಳಿಸಬಹುದು. ಎಲ್ಲೆಲ್ಲಿಯದೋ ದೇಶದ, ಮುಖ ನೋಡದ ಜನ ಹಾಗೆ ಕಳಿಸಿದ್ದಾರೆ. ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಕೇಳಿಸದ ನನ್ನ ಗಂಡನಿಗೆ, ಎಲ್ಲೋ ಯಾರದೋ ಮೊಲ ಗೋಡೆಯೊಳಗೆ ತೂರಿಹೋದರೆ ನಿದ್ದೆ ಬಾರದು. ಊರಿಗೆ ಉಪಕಾರಿ, ಮನೆಗೆ ಮಾರಿ.

ಇದಕ್ಕೊಂದು ಲೈಸೆನ್ಸ್ ಇತ್ತು. ನಮ್ಮ ಮದುವೆಗೆ ಮುಂಚಿನ ಕಥೆ. ಕೋಡ್ ಜೊತೆ ಅದನ್ನು ಬಳಸುವ ಷರತ್ತು ಬರೆದಿಡದಿದ್ದರೆ ಯಾರೂ ಮುಟ್ಟುವುದಿಲ್ಲ ಎಂದು ಯಾರೋ ಹೇಳಿದರಂತೆ. ಆಗ ಇವರು ಅಕ್ಕನ ಜೊತೆ ಇದ್ದರು. ತಾಯಿ ಹೋದ ಮೇಲೆ ಇವರನ್ನು ಸಾಕಿದ್ದೇ ಆ ಅಕ್ಕ, ಅಂದರೆ ನನ್ನ ಅತ್ತಿಗೆ. ಮದುವೆ ಮಾಡಿಕೊಳ್ಳಲಿಲ್ಲ, ಬೀದಿಗೆ ಮುಖ ಮಾಡಿದ ಒಂದು ಕೋಣೆಯಲ್ಲಿ ಬಟ್ಟೆ ಆಲ್ಟ್ರೇಷನ್ ಮಾಡಿಕೊಂಡು ಬದುಕಿದವರು. ಶರ್ಟ್ ತಗೋಬೇಕಾದರೂ ಇವರು ಅಕ್ಕನನ್ನು ಕೇಳಬೇಕಿತ್ತು. ಆ ಸಿಟ್ಟು, ಪ್ರೀತಿ ಎರಡೂ ಸೇರಿ ಹೀಗೆ ಬರೆದುಬಿಟ್ಟರು: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಮಾರುವುದಾದರೆ ಮಾತ್ರ ಮೊದಲು ನನ್ನ ಅಕ್ಕನನ್ನು ಕೇಳಿ. ಅವಳು ಬೇಡ ಎಂದರೆ ಬೇಡ.

ತಮಾಷೆಗೆ ಬರೆದದ್ದು. ಆದರೆ ಜನ ನಿಜಕ್ಕೂ ಕೇಳತೊಡಗಿದರು. ಆಟ ಮುಗಿಸಿದವರು ಮಾರಾಟಕ್ಕೆ ಇಡುವ ಮೊದಲು ಅತ್ತಿಗೆಗೆ ಕಳಿಸುವುದು ಪದ್ಧತಿಯೇ ಆಯಿತು. ಅತ್ತಿಗೆ ಪ್ಯಾಂಟಿನ ಅಂಚು ಮಡಿಸುವ ಮಧ್ಯೆ ಕನ್ನಡಕ ಮೂಗಿನ ತುದಿಗೆ ಇಳಿಸಿ, ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ಪ್ರತಿ ಆಟವನ್ನೂ ಕೊನೆಯವರೆಗೆ ಆಡುತ್ತಿದ್ದರು. ತೀರ್ಪನ್ನು ನನ್ನ ಗಂಡ ಅವರವರ ಭಾಷೆಗೆ ತಿರುಗಿಸಿ ಕಳಿಸುತ್ತಿದ್ದರು. "ಆ ಮೊಲ ಬಾವಿಗೆ ಬಿದ್ದಾಗ ಅಷ್ಟು ಹೊತ್ತು ಅಳಿಸಬೇಡಿ, ಹೊಟ್ಟೆ ಉರಿಯುತ್ತೆ. ಮಿಕ್ಕಿದ್ದಕ್ಕೆ ಹೂಂ." ಯಾರಿಗೂ ಬೇಡ ಎಂದವರಲ್ಲ. ಮೆಷಿನ್ ಬಿಟ್ಟು ಎದ್ದು ಊರಾಚೆ ಹೋಗದ ಹೆಂಗಸಿಗೆ ಪ್ರಪಂಚದ ತುಂಬ ಪರಿಚಯದವರು.

ತಮಾಷೆ ಹೋಗಿ ಅಮಾಸೆ ಆದದ್ದು ಈ ವರ್ಷ. ಅತ್ತಿಗೆಯ ಹೃದಯದ ಕವಾಟ ಕೆಟ್ಟಿತ್ತು. ಎದೆ ತೆರೆಯಲೇಬೇಕು, ತೆರೆದರೂ ಖಾತ್ರಿ ಕೊಡಲಾರೆವು ಎಂದರು ಡಾಕ್ಟರ್. ಅದೇ ವಾರ, ಆಟಗಳನ್ನು ಮಾರುವ ಒಂದು ದೊಡ್ಡ ಆನ್‌ಲೈನ್ ಅಂಗಡಿಯ ವಕೀಲರು ಮೇಲ್ ಮಾಡಿದರು. ಜಾರುಬಂಡೆ ಬಳಸಿದ ಆಟಗಳನ್ನೆಲ್ಲ ತಿಂಗಳ ಕೊನೆಗೆ ತೆಗೆದುಹಾಕುತ್ತೇವೆ, ಇಂಥ ಷರತ್ತನ್ನು ನಂಬಿ ವ್ಯಾಪಾರ ಮಾಡಲಾಗದು, ಎಲ್ಲರೂ ಬಳಸುವ ಮಾಮೂಲಿ ಲೈಸೆನ್ಸಿಗೆ ಬದಲಾಯಿಸಿ ಎಂದು. ಕೊನೆಯಲ್ಲಿ ಒಂದು ಪ್ರಶ್ನೆ: ಆ ಅಕ್ಕ ತೀರಿಕೊಂಡರೆ ಅನುಮತಿ ಕೊಡುವವರು ಯಾರು?

ನನ್ನ ಗಂಡ ಅದನ್ನು ಓದಿ ಕಂಪ್ಯೂಟರ್ ಮುಚ್ಚಿಟ್ಟು ಬಾಲ್ಕನಿಗೆ ಹೋಗಿ ನಿಂತರು. ನಾನು ಕರೆದರೂ ಒಳಗೆ ಬರಲಿಲ್ಲ.

ಬದಲಾಯಿಸಲು ಇವರೊಬ್ಬರು ಮನಸ್ಸು ಮಾಡಿದರೆ ಸಾಲದು. ಒಂದು ಸಾಲು ಕೋಡ್ ಕೊಟ್ಟವರೂ ಹಳೆಯ ಷರತ್ತಿಗೆ ಒಪ್ಪಿ ಕೊಟ್ಟವರು, ಅದು ಅವರ ಸ್ವತ್ತು. ಅವರೆಲ್ಲ ಹೊಸದಕ್ಕೂ ಒಪ್ಪಬೇಕು. ಇವರು ಒಬ್ಬೊಬ್ಬರನ್ನೇ ಹುಡುಕಿ ಕೇಳಿದರು. ಎಲ್ಲರೂ ಆಗಲಿ ಎಂದರು, ಒಬ್ಬನ ಹೊರತು. ಅವನು ತನ್ನನ್ನು ಆಮೆ ಎಂದು ಕರೆದುಕೊಳ್ಳುತ್ತಾನೆ. ನಿಜವಾದ ಹೆಸರು ನಮಗೂ ಗೊತ್ತಿಲ್ಲ. ಡಿಕ್ಕಿ ಹೊಡೆಯುವ ಲೆಕ್ಕವನ್ನೆಲ್ಲ ಬರೆದವನು ಅವನೇ, ಅದನ್ನು ಕಿತ್ತರೆ ಜಾರುಬಂಡೆಯಲ್ಲಿ ಉಳಿಯುವುದು ಬರೀ ಮೆಟ್ಟಿಲು. ಆಮೆ ಬರೆದ: "ಅಕ್ಕನ ಹಕ್ಕು ತೆಗೆಯಲು ಅಕ್ಕನನ್ನು ಕೇಳಿದಿರಾ? ಅವರ ಬಾಯಿಂದ ಬಂದರೆ ನನ್ನ ಒಪ್ಪಿಗೆ ಇದೆ. ಇಲ್ಲದಿದ್ದರೆ ಇಲ್ಲ."

ಈಗ ನನ್ನ ಗಂಡನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಆಪರೇಷನ್ನಿಗೆ ಮೊದಲು ಅಕ್ಕನನ್ನು ಕೇಳಬೇಕು. ಕೇಳಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ನೀನು ಸತ್ತರೆ ಏನು ಗತಿ ಎಂದು ಅವರ ಮುಖಕ್ಕೇ ಅಂದ ಹಾಗೆ. ಕೇಳದೆ ಬಿಟ್ಟು ಅತ್ತಿಗೆಗೆ ಏನಾದರೂ ಆದರೆ ಆಮೆಯ ಒಪ್ಪಿಗೆ ಎಂದೆಂದಿಗೂ ಸಿಗದು. ಆಟ ಮಾರಿಕೊಂಡೇ ಜೀವನ ಮಾಡುವ ಅಷ್ಟೂ ಜನ ಬೀದಿಗೆ ಬೀಳುತ್ತಾರೆ.

ಪ್ರತಿ ಸಂಜೆ ಅಕ್ಕನ ಅಂಗಡಿಗೆ ಹೋಗುವರು, ತುಟಿ ಪಿಟಕ್ಕೆನ್ನದೆ ಬರುವರು. ಒಂದು ದಿನ ನಾನೂ ಜೊತೆಗೆ ಹೋದೆ. ಅತ್ತಿಗೆ ಏದುಸಿರು ಬಿಡುತ್ತ ಗಿರಾಕಿಗಳ ಬಟ್ಟೆಗಳನ್ನು ಮಡಿಸಿಡುತ್ತಿದ್ದರು.

"ಏನೋ, ಕಾಲು ಸುಟ್ಟ ಬೆಕ್ಕಿನ ಥರ ಸುತ್ತುತ್ತಿದ್ದೀಯ. ಏನಾದರೂ ಹೇಳೋದಿದೆಯಾ?" ಎಂದರು.

"ಏನಿಲ್ಲಕ್ಕ. ಫ್ಯಾನ್ ಶಬ್ದ ಮಾಡ್ತಿದೆಯಲ್ಲ, ಎಣ್ಣೆ ಬಿಡಲಾ?"

ಫ್ಯಾನಿಗೆ ಎಣ್ಣೆ ಬಿಟ್ಟು ಬಂದರು. ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ರೀ, ಕಡ್ಡಿ ಮುರಿದ ಹಾಗೆ ಹೇಳಿಬಿಡಿ. ನಿಮ್ಮ ಕೈಲಾಗದಿದ್ದರೆ ನಾನು ಹೇಳ್ತೀನಿ."

"ನೀನು ಹೇಳಬೇಡ," ಎಂದರು. ಅಷ್ಟು ಗಡುಸಾಗಿ ಅವರು ನನ್ನ ಜೊತೆ ಮಾತಾಡಿದ್ದೇ ಇಲ್ಲ. ಹೆದರಿದ್ದಾರೆ ಎಂದು ಗೊತ್ತಾಗಿ ನಾನು ಸುಮ್ಮನಾದೆ.

ಆಪರೇಷನ್ ದಿನವೂ ಬಂದುಬಿಟ್ಟಿತು. ಬೆಳಗ್ಗೆ ವಾರ್ಡಿನಲ್ಲಿ ಅತ್ತಿಗೆಗೆ ಹಸಿರು ಗೌನ್ ಹಾಕಿದ್ದರು. ಆ ಗೌನಿನ ಹೊಲಿಗೆ ಎಳೆದು ನೋಡಿ, "ಇದನ್ನ ಯಾವನು ಹೊಲಿದನೋ," ಎಂದು ಬೈಯುತ್ತಿದ್ದರು. ನರ್ಸ್ ಬಂದು, ಇನ್ನು ಸ್ವಲ್ಪ ಹೊತ್ತಿಗೆ ಕರೆದುಕೊಂಡು ಹೋಗುತ್ತೇವೆ ಎಂದಳು. ನನ್ನ ಗಂಡ ಮಂಚದ ಕಂಬಿ ಹಿಡಿದು ನಿಂತಿದ್ದರು.

"ಅಕ್ಕ," ಎಂದರು ಕೊನೆಗೆ. "ಲೈಸೆನ್ಸ್ ಬದಲಾಯಿಸಬೇಕು. ನಿನ್ನನ್ನ ಕೇಳೋ ಷರತ್ತು ತೆಗೀಬೇಕಂತೆ."

"ಯಾಕಂತೆ?"

ಇವರು ನನ್ನ ಕಡೆ ನೋಡಿದರು. ಅತ್ತಿಗೆ ಕಾದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ನನ್ನನ್ನು ತಡೆದರು. "ಅವನೇ ಹೇಳಲಿ ಬಿಡಮ್ಮ."

"ನೀನು ಇಲ್ಲದಿದ್ದರೆ ಯಾರನ್ನ ಕೇಳೋದು ಅಂತ ಕೇಳಿದ್ದಾರೆ," ಎಂದರು ಇವರು. ಆಮೆಯ ವಿಷಯವನ್ನೂ ಹೇಳಿದರು, ನೆಲ ನೋಡಿಕೊಂಡು.

ಅತ್ತಿಗೆ ಕಿಟಕಿ ಕಡೆ ತಿರುಗಿದರು. ಹೊರಗೆ ಟ್ರಾಲಿ ಬರುವ ಸದ್ದಾಯಿತು.

"ಬೇಡ ಅಂದರೆ?" ಎಂದು ಕೇಳಿದರು.

"ಬೇಡ ಅಂದರೆ ಬೇಡ." ಅಷ್ಟು ಹೇಳಿ ಇವರು ಬಗ್ಗಿ ಅಕ್ಕನ ಕೈ ಹಿಡಿದುಕೊಂಡರು. "ಬೇಡ ಅನ್ನಕ್ಕ. ಬೇಡ ಅಂತಲೇ ಅನ್ನು. ಆಚೆ ಬಂದಮೇಲೆ ನೋಡೋಣ ಅನ್ನು."

ಎರಡು ವಾರ ಬಾಯಿ ಬಿಡದ ಮನುಷ್ಯ ಹೆದರುತ್ತಿದ್ದದ್ದು ಅಕ್ಕ ಬೇಡ ಅಂದಾರು ಎಂದಲ್ಲ, ಹೂಂ ಅಂದುಬಿಡುತ್ತಾರೆ, ವಾಪಸ್ ಬರುವ ಆಸೆ ಬಿಟ್ಟುಬಿಡುತ್ತಾರೆ ಎಂದು. ನನಗೆ ಅದು ಗೊತ್ತಾದದ್ದು ಆಗಲೇ.

"ದಡ್ಡ," ಎಂದರು ಅತ್ತಿಗೆ. "ಊರವರಿಗೆಲ್ಲ ಹೂಂ ಅಂದೆ, ನಿನಗೆ ಬೇಡ ಅಂತೀನಾ? ತೆಗಿ ಫೋನು." ಫೋನನ್ನು ಬಾಯ ಹತ್ತಿರ ಹಿಡಿಸಿಕೊಂಡು, "ಆಮೆಯವರೇ, ನಾನು ಇವನ ಅಕ್ಕ. ಇವನು ನನ್ನ ಕೇಳಿದ. ನಾನು ಹೂಂ ಅಂದೆ. ನೀವೂ ಅನ್ನಿ, ಹಟ ಮಾಡಬೇಡಿ," ಎಂದರು. ಆಮೇಲೆ ತಮ್ಮನಿಗೆ, "ನಾನು ಹೊರಗೆ ಬರೋದರೊಳಗೆ ಮುಗಿಸಿರಬೇಕು," ಎಂದರು. ಟ್ರಾಲಿ ಹೋಯಿತು. ಬಾಗಿಲಿನ ಮೇಲೆ ಕೆಂಪು ದೀಪ ಹತ್ತಿತು.

ಇವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ ಅಕ್ಕನ ಮಾತಿನ ಕೆಳಗೆ ಆಮೆಯ ಭಾಷೆಯಲ್ಲಿ ಅರ್ಥ ಬರೆದು ಕಳಿಸಿದರು. ಆಮೆಯ ಉತ್ತರ ಬೇಗನೆ ಬಂತು. ಅಕ್ಕ ಹೇಳಿದ ಮೇಲೆ ಮಾತಿಲ್ಲ, ಒಪ್ಪಿದೆ ಎಂದು. ಹೊಸ ಲೈಸೆನ್ಸ್ ಸಿದ್ಧವಾಗಿತ್ತು. ಒಂದು ಗುಂಡಿ ಒತ್ತಿದರೆ ಹಳೆಯದು ಹೋಗಿ ಅದು ಬರುತ್ತಿತ್ತು. ನನ್ನ ಗಂಡ ಕಂಪ್ಯೂಟರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದರು. ಮಧ್ಯಾಹ್ನವಾಯಿತು. ಕೆಂಪು ದೀಪ ಆರಲಿಲ್ಲ.

"ಒತ್ತಿ," ಎಂದೆ.

"ಅವಳು ಒಳಗಿರುವಾಗ ಅವಳನ್ನ ಹೇಗೆ ಅಳಿಸಿಹಾಕಲಿ?"

ನನಗೆ ಸಿಟ್ಟು ಬಂತು, ಅಳುವೂ ಬಂತು. "ಬೇಡ ಎಂದರೆ ಬೇಡ ಅಂತ ಬರೆದವರು ನೀವೇ ತಾನೆ? ಹಾಗಾದರೆ ಹೂಂ ಎಂದರೆ ಹೂಂ. ಅವರು ಬಂದು ಕೇಳಿದರೆ ಏನು ಹೇಳ್ತೀರಿ, ಆಗಲೂ ಫ್ಯಾನಿಗೆ ಎಣ್ಣೆ ಬಿಡ್ತೀರಾ?"

ಒತ್ತಿದರು. ಒತ್ತಿ ಮುಖ ಮುಚ್ಚಿಕೊಂಡರು. ಅವರು ಹಾಗೆ ಅತ್ತದ್ದನ್ನು ನಾನು ಮೊದಲ ಬಾರಿ ನೋಡಿದೆ.

ಅತ್ತಿಗೆ ಬದುಕಿದರು. ಆನ್‌ಲೈನ್ ಅಂಗಡಿಯವರು ಆಟಗಳನ್ನು ಉಳಿಸಿಕೊಂಡರು. ಎಲ್ಲ ಸುಸೂತ್ರ. ಸಾಯುವವರಿಗೆಂದು ಮಾಡಿದ ಏರ್ಪಾಡು ಬದುಕಿದವರ ತಲೆಗೆ ಬಂತು, ಅಷ್ಟೇ. ಅತ್ತಿಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಎದೆಯ ಹೊಲಿಗೆ ಮಾಯುವವರೆಗೆ ಮೆಷಿನ್ ಮುಟ್ಟುವ ಹಾಗಿಲ್ಲ. ದಿನವೂ ಟ್ಯಾಬ್ ಚಾರ್ಜಿಗೆ ಹಾಕಿಸಿಕೊಳ್ಳುವರು, ತೆರೆದು ನೋಡುವರು, ಪಕ್ಕಕ್ಕಿಡುವರು. ನಾನು ಔಷಧಿ ಕೊಡಲು ಹೋದಾಗ ಒಮ್ಮೆ ಕೇಳಿಯೇಬಿಟ್ಟರು.

"ಯಾವ ಆಟವೂ ಬರಲಿಲ್ಲವೇನೇ?"

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಹೇಳಿದರು, "ಅಕ್ಕ, ಈಗ ಯಾರೂ ನಿನ್ನ ಕೇಳಬೇಕಾಗಿಲ್ಲವಲ್ಲ."

ಅತ್ತಿಗೆ ಕನ್ನಡಕದ ಮೇಲಿಂದ ಅವರನ್ನೇ ನೋಡಿದರು.

"ಕೇಳಬೇಕಾಗಿಲ್ಲ, ಸರಿ. ಕೇಳಬಾರದು ಅಂತಲೂ ಬರೆದಿದ್ದೀಯೇನೋ?"

ಇವರು ನಿಂತಲ್ಲೇ ಇಲ್ಲ ಎಂದು ತಲೆಯಾಡಿಸಿದರು. "ಮತ್ತೆ ಹೋಗಿ ಹೇಳು ಅವರಿಗೆ," ಎಂದರು ಅತ್ತಿಗೆ. "ನಾನಿನ್ನೂ ಇದ್ದೀನಿ ಅಂತ."